ಅಕ್ಕನ ವಾಕ್ಯ

ಪಕ್ಕದ ಕೋಣೆಯಲ್ಲಿ ಅಕ್ಕ ಇಂಗ್ಲಿಷ್ ಮಾತಾಡುತ್ತಿದ್ದಳು. "ದಿಸ್ ಈಸ್ ಮೈ ನೀ" ಎನ್ನುವುದು, ಸ್ವಲ್ಪ ತಡೆದು ಗಂಟಲು ಸರಿಮಾಡಿಕೊಳ್ಳುವುದು, ಮತ್ತೆ "ದಿಸ್ ಈಸ್ ಮೈ ನೀ" ಎನ್ನುವುದು. ಗಡ್ಡಕ್ಕೆ ನೊರೆ ಹಚ್ಚಿಕೊಂಡು ಕನ್ನಡಿಯ ಮುಂದೆ ನಿಂತಿದ್ದವನ ಕೈಯಲ್ಲಿ ರೇಜರು ಹಾಗೇ ನಿಂತಿತು. ಅರವತ್ತು ದಾಟಿದ ಹೆಂಗಸು ಬೆಳಬೆಳಗ್ಗೆ ತನ್ನ ಮೊಣಕಾಲನ್ನು ಯಾರಿಗೋ ಪರಿಚಯ ಮಾಡಿಕೊಡುತ್ತಿದ್ದಾಳಲ್ಲ ಎಂದು ಮೊದಲು ಅವನಿಗೆ ನಗು ಬಂತು. ಇದನ್ನು ಸಂಜೆ ಕ್ಲಾಸಿನಲ್ಲಿ ಹೇಳಬಹುದು, ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ ಎಂದೂ ಅನ್ನಿಸಿತು. ಅಷ್ಟರಲ್ಲಿ ಹೆಂಡತಿ ಬಚ್ಚಲ ಬಾಗಿಲಿಗೆ ಬಂದು ಟವೆಲ್ ಕೊಡುತ್ತಾ, ಅತ್ತಿಗೆ ನಿಮ್ಮ ಸಂಜೆ ಕ್ಲಾಸಿಗೆ ಸೇರಿದಾರೆ, ನಾನೇ ಕರ್ಕೊಂಡು ಹೋಗಿ ಹೆಸರು ಬರೆಸಿ ಬಂದೆ, ಇವತ್ತಿಂದ ಬರ್ತಾರೆ, ಎಂದಳು. ರೇಜರು ಗಲ್ಲದ ಮೇಲೆ ಎಲ್ಲಿಗೋ ಹೋಯಿತು. ನೊರೆಯಲ್ಲಿ ಒಂದು ಕೆಂಪು ಗೆರೆ ಮೂಡಿತು.

ನನ್ನ ಕ್ಲಾಸೇ ಯಾಕೆ, ಬೆಳಗಿನ ಬ್ಯಾಚಿನಲ್ಲಿ ಹೆಂಗಸರು ಜಾಸ್ತಿ, ಅಲ್ಲಿನ ಟೀಚರಮ್ಮ ಬಹಳ ಸಮಾಧಾನದವರು, ಅಕ್ಕನಿಗೆ ಸಂಜೆ ಹೊತ್ತು ಮೆಟ್ಟಿಲು ಹತ್ತುವುದು ಕಷ್ಟ ಎಂದು ಅವನು ಒಂದರ ಮೇಲೊಂದು ಕಾರಣ ಪೇರಿಸಿದ. ಹೆಂಡತಿ ಅವನ ಗಲ್ಲದ ರಕ್ತವನ್ನೂ ಮುಖವನ್ನೂ ನೋಡಿದಳು. "ಮನೇಲೇ ಮೇಷ್ಟ್ರನ್ನ ಇಟ್ಕೊಂಡು ಬೇರೆಯವರ ಹತ್ರ ಹೋಗ್ತಾರಾ? ಅತ್ತಿಗೆ ಕಲಿತರೆ ನಿಮಗ್ಯಾಕೆ ಹೊಟ್ಟೆಯುರಿ?" ಎಂದು ಹೊರಟುಹೋದಳು. ಅದು ಹೊಟ್ಟೆಯುರಿಯಲ್ಲ. ಅಕ್ಕನಿಗೆ ಗೊತ್ತಾಗಿಬಿಡುತ್ತದೆ ಎಂಬುದೊಂದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು. ನೊರೆ ಒಣಗಿ ಮುಖದ ಚರ್ಮ ಬಿಗಿಯತೊಡಗಿದರೂ ಅವನು ಕನ್ನಡಿಯನ್ನೇ ನೋಡುತ್ತ ನಿಂತಿದ್ದ.

ಅವನು ದೊಡ್ಡವರಿಗೆ ಇಂಗ್ಲಿಷ್ ಹೇಳಿಕೊಡುವ ಮೇಷ್ಟ್ರು. ದಿನವಿಡೀ ದುಡಿದು, ಕೈಯ ಗ್ರೀಸು ತೊಳೆದು, ಯೂನಿಫಾರ್ಮಿನ ಮೇಲೊಂದು ಸ್ವೆಟರ್ ಹಾಕಿಕೊಂಡು ಬರುವವರಿಗೆ. ಅವರಿಗೆಲ್ಲ ಕಾಲ, ಲಿಂಗ, ವಚನ ಹೇಗೋ ತಲೆಗೆ ಹತ್ತುತ್ತಿತ್ತು. ಜೀವ ಹಿಂಡುತ್ತಿದ್ದದ್ದು ಬಾಲವಿರುವ ಕ್ರಿಯಾಪದಗಳು. ಪುಟ್ ಅಂದರೆ ಇಡು, ಅದು ಯಾರಿಗೆ ಗೊತ್ತಿಲ್ಲ? ಅದಕ್ಕೇ ಆಫ್ ಎಂಬ ಬಾಲ ಸೇರಿಸಿದರೆ ಮುಂದೂಡು, ಔಟ್ ಸೇರಿಸಿದರೆ ನಂದಿಸು, ಅಪ್ ಮತ್ತು ವಿತ್ ಎರಡನ್ನೂ ಸೇರಿಸಿದರೆ ಸಹಿಸಿಕೋ. ಬಿಡಿಬಿಡಿಯಾಗಿ ಅರ್ಥ ಮಾಡೋಕೆ ಹೋದಿರೋ ಕೆಟ್ಟಿರಿ ಎಂದು ಪ್ರತಿ ಬ್ಯಾಚಿಗೂ ಹೇಳುತ್ತಿದ್ದ. ವಾಕ್ಯವನ್ನು ಇಡಿಯಾಗಿ ನುಂಗಿಬಿಡಿ. ನುಂಗಲು ಸುಲಭವಾಗಲಿ ಎಂದು ಒಂದು ದಿನ, ಎಂದೋ, ಬಾಯಿಗೆ ಬಂದ ಹಾಗೆ ಅಕ್ಕನನ್ನು ಒಂದು ವಾಕ್ಯದೊಳಗೆ ಎಳೆದು ತಂದ. ನಾನಿನ್ನೂ ಕೋಣೆಯಲ್ಲಿರುವಾಗಲೇ ನನ್ನ ಅಕ್ಕ ದೀಪ ಆರಿಸುತ್ತಾಳೆ, ಟರ್ನ್ ಆಫ್. ಸುಸ್ತಾಗಿ ಆಕಳಿಸುತ್ತಿದ್ದ ಕ್ಲಾಸು ಗೊಳ್ಳೆಂದು ನಕ್ಕಿತು. ಆ ನಗು ಅವನಿಗೆ ರುಚಿ ಹತ್ತಿತು. ಮನೆಗೆ ಬಂದ ಒಂದು ಪ್ಲಾಸ್ಟಿಕ್ ಚೀಲವನ್ನೂ ನನ್ನ ಅಕ್ಕ ಎಸೆಯುವುದಿಲ್ಲ, ಥ್ರೋ ಅವೇ. ನನ್ನ ಅಕ್ಕ ಶುರು ಮಾಡಿದರೆ ನಿಲ್ಲಿಸುವುದಿಲ್ಲ, ಗೋ ಆನ್. ಹೀಗೆ ವರ್ಷಗಳು ಕಳೆದಂತೆ ಪಾಠದಲ್ಲಿ ಬೇರೆ ಯಾರೂ ಉಳಿಯಲಿಲ್ಲ, ಅಕ್ಕನೇ ತುಂಬಿಕೊಂಡಳು. ಪ್ರತಿ ವಾಕ್ಯವನ್ನೂ ಕ್ಲಾಸು ಎದ್ದು ನಿಂತು, ಅವನ ಜೊತೆಗೆ, ಒಕ್ಕೊರಲಿನಿಂದ ಮೂರು ಸಲ ಹೇಳಬೇಕು. ಅದಕ್ಕೆ ಅಕ್ಕನ ವಾಕ್ಯ ಎಂದೇ ಹೆಸರಾಯಿತು. ಎಲ್ಲಕ್ಕಿಂತ ಹೆಸರುವಾಸಿಯಾದದ್ದು, ಅವನು ಹಣೆಗೆ ಕೈ ಹಚ್ಚಿ ಸೂರು ನೋಡುತ್ತ ಹೇಳುತ್ತಿದ್ದದ್ದು: ಐ ಹ್ಯಾವ್ ಟು ಪುಟ್ ಅಪ್ ವಿತ್ ಮೈ ಸಿಸ್ಟರ್. ನನ್ನ ಅಕ್ಕನನ್ನು ನಾನು ಸಹಿಸಿಕೊಳ್ಳಬೇಕಾಗಿದೆ. ಇಷ್ಟವಿಲ್ಲ, ಆದರೂ ತಳ್ಳಿಹಾಕುವ ಹಾಗಿಲ್ಲ, ಅಂಥದ್ದಕ್ಕೆ ಮಾತ್ರ ಇದನ್ನು ಬಳಸಬೇಕು ಎಂದು ಅವನೇ ಒತ್ತಿ ಹೇಳುತ್ತಿದ್ದ. ಸೆಕೆ, ಗದ್ದಲ, ಹಲ್ಲುನೋವು, ಕೆಟ್ಟ ನೆರೆಯವರು. ಪ್ರೀತಿಯವರಿಗೆ ಯಾವತ್ತೂ ಬಳಸಬೇಡಿ, ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ.

ಅಕ್ಕನಿಗೆ ಈಗ ಇಂಗ್ಲಿಷ್ ಯಾಕೆ ಬೇಕಾಯಿತೆಂಬುದೂ ಅವನಿಗೆ ಗೊತ್ತಿತ್ತು. ಕ್ಲಾಸಿಗೆ ಹೋಗುವ ಬಸ್ಸಿನ ಕಿಟಕಿಗೆ ತಲೆ ಆನಿಸಿಕೊಂಡು ಅದನ್ನು ನೆನೆಯಬಾರದೆಂದುಕೊಂಡಷ್ಟೂ ನೆನಪಾಯಿತು. ಮೊಣಕಾಲಿಗೆ ವ್ಯಾಯಾಮ ಮಾಡಿಸುವ ಹುಡುಗಿಗೆ ಇಂಗ್ಲಿಷ್ ಬಿಟ್ಟು ಬೇರೆ ಮಾತು ಬರುತ್ತಿರಲಿಲ್ಲ. ಅವನೇ ಜೊತೆಗೆ ಹೋಗಿ ನಿಂತಿದ್ದ, ಗಡಿಯಾರ ನೋಡಿಕೊಳ್ಳುತ್ತ. ಅಕ್ಕ ಮಂಚದ ಮೇಲೆ ಕಾಲು ಚಾಚಿ, ನೋವು ಬೆಳಗ್ಗೆ ಎಲ್ಲಿ ಹುಟ್ಟುತ್ತದೆ, ಮಧ್ಯಾಹ್ನ ಎಲ್ಲಿಗೆ ಇಳಿಯುತ್ತದೆ, ಮೆಟ್ಟಿಲು ಹತ್ತುವಾಗ ಅಷ್ಟಿಲ್ಲ, ಇಳಿಯುವಾಗ ಒಳಗೆ ಯಾರೋ ತಿರುಚಿದ ಹಾಗೆ, ರಾತ್ರಿ ಮಗ್ಗುಲು ಬದಲಿಸಿದರೆ ಬೇರೆಯೇ ತರಹದ್ದು ಎಂದು ಒಂದೊಂದಾಗಿ, ಬೆರಳಿನಿಂದ ಜಾಗ ತೋರಿಸುತ್ತ ಹೇಳಿದ್ದಳು. ಅವನು ಆ ಹುಡುಗಿಯ ಕಡೆ ತಿರುಗಿ "ನೀ ಪೇನ್" ಎಂದ. ಅಷ್ಟೇ. ಅಕ್ಕ ಸ್ವಲ್ಪ ಹೊತ್ತು ಕಾದಳು, ಇನ್ನೂ ಉಳಿದದ್ದು ಬರಬಹುದು ಎನ್ನುವ ಹಾಗೆ. ಆಮೇಲೆ, ಮನೆಗೆ ಬರುವ ದಾರಿಯಲ್ಲಿ, ಆಟೋದಲ್ಲಿ, ಜಗಳದ ದನಿಯಲ್ಲೇನೂ ಅಲ್ಲ, ನಾನು ಇಷ್ಟುದ್ದ ಹೇಳಿದ್ದಕ್ಕೆ ಇಂಗ್ಲಿಷಲ್ಲಿ ಎರಡೇ ಮಾತೇನೋ, ಬಹಳ ಚೊಕ್ಕ ಭಾಷೆ ಅದು, ಎಂದಿದ್ದಳು. ಅವನು ಅದನ್ನೂ ಮಾರನೆಯ ದಿನ ಕ್ಲಾಸಿನಲ್ಲಿ ಹೇಳಿ ನಗಿಸಿದ್ದ. ಬಸ್ಸಿನಲ್ಲಿ ಪಕ್ಕದವರು ಅವನತ್ತ ತಿರುಗಿ ನೋಡಿದಾಗಲೇ ತಾನು ಥೂ ಎಂದು ಜೋರಾಗಿ ಅಂದುಬಿಟ್ಟಿದ್ದೇನೆಂದು ಅವನಿಗೆ ಗೊತ್ತಾದದ್ದು.

ಸ್ಟಾಫ್ ರೂಮಿನ ಗೋಡೆಗೆ ಅಂಟಿಸಿದ್ದ ವೇಳಾಪಟ್ಟಿಯಲ್ಲಿ ಇವತ್ತಿನ ಪಾಠ ಪುಟ್ ಮತ್ತು ಅದರ ಬಾಲಗಳು ಎಂದೇ ಇತ್ತು. ಪಾಠ ಅದಲುಬದಲು ಮಾಡೋಣವೇ ಎಂದು ಬೆಳಗಿನ ಟೀಚರಮ್ಮನನ್ನು ಕೇಳಿದರೆ ಆಕೆ ಕನ್ನಡಕದ ಮೇಲಿಂದ ನೋಡಿ, ನಿಮ್ಮ ಕ್ಲಾಸಿನ ನರ್ಸಿಗೆ ಶನಿವಾರ ಪರೀಕ್ಷೆ ಇದೆಯಲ್ಲ, ಈಗ ಬದಲಾಯಿಸಿದರೆ ಹೇಗೆ, ಎಂದರು. ಹೌದಲ್ಲ, ನರ್ಸು. ಆಸ್ಪತ್ರೆಯಲ್ಲಿ ಬಡ್ತಿ ಸಿಗಬೇಕಾದರೆ ಈ ಪರೀಕ್ಷೆ ಪಾಸಾಗಬೇಕೆಂದು ರಾತ್ರಿ ಪಾಳಿ ಮುಗಿಸಿಯೂ ಓದುವ ಹುಡುಗಿ. ಸರಿ, ಆ ಒಂದನ್ನು ಮಾತ್ರ ಹಾರಿಸಿಬಿಟ್ಟರಾಯಿತು. ಆಫ್ ಆದ ಮೇಲೆ ನೇರ ಔಟ್‌ಗೆ ಹೋದರಾಯಿತು. ಆಮೇಲೆ ಅವಳೊಬ್ಬಳನ್ನೇ ಕೂರಿಸಿಕೊಂಡು ಹೇಳಿಕೊಟ್ಟರಾಯಿತು ಎಂದು ಲೆಕ್ಕ ಹಾಕಿದ. ಸಹಿಸಿಕೊಳ್ಳುವುದು ಎಂಬುದು ಸುಳ್ಳೇ? ಸುಳ್ಳೇನೂ ಅಲ್ಲ. ಊಟ ಮಾಡುವಾಗ ಅಕ್ಕನ ದವಡೆಯಿಂದ ಟಕ್ ಎಂಬ ಸದ್ದು ಬಂದಾಗಲೆಲ್ಲ ಅವನ ಮೈ ಬಿಗಿಯಾಗುತ್ತಿತ್ತು. ಅವನು ವಾಕ್ಯವನ್ನು ಅರ್ಧ ಆಡುವಷ್ಟರಲ್ಲಿ ಉಳಿದರ್ಧವನ್ನು ಅವಳೇ ಆಡಿ ಮುಗಿಸುತ್ತಿದ್ದಳು, ಅದೂ ನೆಂಟರ ಮುಂದೆ, ಅದಂತೂ ಅವನಿಗೆ ಎಳ್ಳಷ್ಟೂ ಆಗುತ್ತಿರಲಿಲ್ಲ. ಈಗ ಅವನಿಗೆ ಮಾತು ಸಲೀಸು, ಮಾತೇ ಅವನ ಅನ್ನ, ಆದರೂ ಅವಳಿಗೆ ಅವನಿನ್ನೂ ಶಾಲೆಯ ಹಾಜರಿಯಲ್ಲಿ "ಪ್ರೆಸೆಂಟ್ ಸಾರ್" ಎನ್ನಲಾರದೆ ಪ ಪ ಪ ಎಂದು ಮುಖ ಕೆಂಪಗೆ ಮಾಡಿಕೊಂಡು ನಿಲ್ಲುವ ಉಗ್ಗನೇ.

ಉಗ್ಗ ಎಂದೇ ಎಲ್ಲರೂ ಕರೆಯುತ್ತಿದ್ದರು, ಅಪ್ಪನೂ, ಸಿಟ್ಟು ಬಂದಾಗ. ಹಿತ್ತಲ ಬಾಗಿಲಿನಿಂದ ನೀರಿನ ತೊಟ್ಟಿಯವರೆಗೆ, ತೊಟ್ಟಿಯಿಂದ ಬಾಗಿಲಿನವರೆಗೆ ಅಕ್ಕ ಅವನನ್ನು ಕೈಹಿಡಿದು ನಡೆಸುತ್ತಿದ್ದಳು. ಅವಳಿಗೆ ಯಾರು ಹೇಳಿಕೊಟ್ಟಿದ್ದರೋ, ತಾನೇ ಕಂಡುಕೊಂಡಳೋ, ಒಬ್ಬನೇ ಹೇಳಿದರೆ ಗಂಟಲಲ್ಲಿ ಸಿಕ್ಕಿಕೊಳ್ಳುವ ಮಾತು ಇಬ್ಬರೂ ಸೇರಿ ಹೇಳಿದರೆ ಸರಾಗವಾಗಿ ಹರಿಯುತ್ತಿತ್ತು. ಪ್ರೆಸೆಂಟ್ ಸಾರ್, ಅವಳೂ ಅವನೂ, ಮೂರು ಸಲ. ಎರಡನೆಯ ಸಲಕ್ಕೆ ಅವಳು ದನಿ ತಗ್ಗಿಸುತ್ತಿದ್ದಳು, ಮೂರನೆಯ ಸಲಕ್ಕೆ ಬರೀ ತುಟಿ ಆಡಿಸುತ್ತಿದ್ದಳು. ಅವನಿಗೇ ಗೊತ್ತಾಗದಂತೆ ಅವನೊಬ್ಬನೇ ಹೇಳಿರುತ್ತಿದ್ದ. ನಿಮ್ಮ ಈ ಮೂರು ಸಲದ ಪದ್ಧತಿ ಎಲ್ಲಿ ಕಲಿತಿರಿ ಎಂದು ಒಮ್ಮೆ ಟೀಚರಮ್ಮ ಕೇಳಿದಾಗ ಅವನು ಯಾವುದೋ ತರಬೇತಿಯ ಹೆಸರು ಹೇಳಿದ್ದ. ಆಕೆ ಅದನ್ನು ನಂಬಿಯೂ ಇದ್ದರು.

ಸಂಜೆ ಕಾರಿಡಾರಿನ ತುದಿಯಲ್ಲಿರುವಾಗಲೇ ತನ್ನ ಕ್ಲಾಸಿನಿಂದ ನಗು ಕೇಳಿಸಿತು. ತಾನಿನ್ನೂ ಒಳಗೆ ಕಾಲಿಟ್ಟಿಲ್ಲ, ಇವರು ಯಾತಕ್ಕೆ ನಗುತ್ತಿದ್ದಾರೆ? ಬಾಗಿಲಲ್ಲಿ ನಿಂತು ನೋಡಿದರೆ ಎರಡನೆಯ ಸಾಲಿನಲ್ಲಿ, ನರ್ಸಿನ ಮತ್ತು ಹಳೇ ಹುಲಿಯ ನಡುವೆ ಅಕ್ಕ ಕೂತಿದ್ದಳು. ಹಳೇ ಹುಲಿ ಎಂದರೆ ಲಿಫ್ಟ್ ರಿಪೇರಿಯವನು. ಪರೀಕ್ಷೆಯಲ್ಲಿ ಮತ್ತೆ ಮತ್ತೆ ಫೇಲಾಗಿ ಮತ್ತೆ ಮತ್ತೆ ಅದೇ ಕ್ಲಾಸಿಗೆ ಬಂದು ಕೂರುವುದರಿಂದ ಆ ಹೆಸರು. ಅವನು ಕೈ ಆಡಿಸುತ್ತ ಏನೋ ಹೇಳುತ್ತಿದ್ದ, ಅಕ್ಕ ಕರ್ಚೀಫಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು, ನಕ್ಕು ನಕ್ಕು ಬಂದ ನೀರೇ ಇರಬೇಕು. ಮೇಷ್ಟ್ರನ್ನು ಕಂಡು ಎಲ್ಲರೂ ಎದ್ದರು. ಅಕ್ಕನೂ ಡೆಸ್ಕಿನ ಅಂಚು ಹಿಡಿದು, ಮೊಣಕಾಲನ್ನು ಮೆಲ್ಲನೆ ನೇರ ಮಾಡಿಕೊಂಡು ಎಲ್ಲರಿಗಿಂತ ತಡವಾಗಿ ಎದ್ದು ನಿಂತಳು, ಅವನಿಗಾಗಿ. ಅವನಿಗೆ ಅದನ್ನು ನೋಡಲಾಗಲಿಲ್ಲ. ಕೂತ್ಕೊಳ್ಳಿ ಕೂತ್ಕೊಳ್ಳಿ ಎಂದು ಗದರುವವನಂತೆ ಹೇಳಿದ. ಹೊಸಬರೊಬ್ಬರು ಬಂದಿದಾರೆ, ಇವರು, ಎಂದು ಅವಳತ್ತ ಕೈ ತೋರಿಸಿದ; ಇವರು ನನ್ನ ಅಕ್ಕ ಎಂಬುದು ನಾಲಿಗೆಯ ತುದಿಯವರೆಗೆ ಬಂದು ಅಲ್ಲೇ ಉಳಿಯಿತು. ತಾನು ಹುಟ್ಟಿದಂದಿನಿಂದ ನೀನು ಎಂದೇ ಕರೆಯುತ್ತಿದ್ದವಳಿಗೆ ಬಹುವಚನ ಹಚ್ಚಿದ್ದಕ್ಕೆ ಅವಳ ಹುಬ್ಬು ಒಂದಿಷ್ಟು ಮೇಲೇರಿತು, ಅಷ್ಟೇ. ಅವಳೂ ತಾನು ಯಾರೆಂದು ಹೇಳಿಕೊಳ್ಳಲಿಲ್ಲ.

ಪುಟ್ ಆಫ್‌ಗೆ ಅವನು ಅಕ್ಕನನ್ನು ಬಿಟ್ಟು ಹಲ್ಲಿನ ಡಾಕ್ಟರರನ್ನು ತಂದ. ಯಾರೂ ನಗಲಿಲ್ಲ. ಬೋರ್ಡಿನ ಮೇಲೆ ಪುಟ್ ಔಟ್ ಎಂದು ಬರೆಯತೊಡಗಿದ. ಬೆನ್ನ ಹಿಂದೆ ಹಳೇ ಹುಲಿಯ ಕುರ್ಚಿ ಕಿರುಗುಟ್ಟಿತು. "ಸಾರ್, ಮಧ್ಯೆ ಒಂದು ಬಿಟ್ರಿ. ಪುಟ್ ಅಪ್ ವಿತ್. ಅಕ್ಕನ ವಾಕ್ಯಗಳಲ್ಲಿ ಅದೇ ಅಲ್ವಾ ರಾಜ?" ಎಂದವನೇ, ಯಾರೂ ಕೇಳದಿದ್ದರೂ ಎದ್ದು ನಿಂತು, ಹಣೆಗೆ ಕೈ ಹಚ್ಚಿ, ಸೂರು ನೋಡುತ್ತ, ಥೇಟ್ ಮೇಷ್ಟ್ರ ಹಾಗೆಯೇ ಹೇಳಿದ: ಐ ಹ್ಯಾವ್ ಟು ಪುಟ್ ಅಪ್ ವಿತ್ ಮೈ ಸಿಸ್ಟರ್. ಕ್ಲಾಸು ಗೊಳ್ಳೆಂದಿತು. ಆ ನಗು ಇನ್ನೂ ಪೂರ್ತಿ ಅಡಗಿರಲಿಲ್ಲ, ಅಕ್ಕ ಕೈ ಎತ್ತಿದಳು. ಚಿಕ್ಕ ಮಕ್ಕಳು ಎತ್ತುವ ಹಾಗೆ, ಒಂದೇ ಬೆರಳು.

"ಮೇಷ್ಟ್ರೇ, ಹಾಗಂದ್ರೇನು?"

ಸ ಎಂಬ ಅಕ್ಷರದ ಮೇಲೆ ಅವನ ನಾಲಿಗೆ ಸಿಕ್ಕಿಕೊಂಡಿತು. ಸ, ಸ. ಎಷ್ಟೋ ವರ್ಷಗಳ ನಂತರ ಆ ಹಳೆಯ ಬಿಗಿತ ದವಡೆಯಿಂದ ಕಿವಿಯವರೆಗೆ ಏರಿತು. ಸೀಮೆಸುಣ್ಣ ಕೈಯಲ್ಲಿ ಮುರಿಯಿತು. ಆಮೇಲೆ ಹೊರಬಂದದ್ದು ಬೇರೆಯೇ ಮಾತು: ಸಾಕಿ ಸಲಹುವುದು. ಅಂದರೆ, ಜೊತೆಯಲ್ಲಿಟ್ಟುಕೊಂಡು ಜೋಪಾನ ಮಾಡುವುದು. ಪುಟ್ ಅಂದರೆ ಇಡು, ವಿತ್ ಅಂದರೆ ಜೊತೆ, ನೋಡಿ, ಅದರಲ್ಲೇ ಇದೆ ಅರ್ಥ. ನಾಲಿಗೆ ಮಾಡಿದ ಎಡವಟ್ಟು ಎಂದು ಆಮೇಲೆ ತನಗೆ ತಾನೇ ಸಮಾಧಾನ ಹೇಳಿಕೊಂಡನಾದರೂ ಅದು ನಾಲಿಗೆಯದಲ್ಲ, ಅವನದೇ. ಮೊದಲ ಮಾತು ಜಾರಿರಬಹುದು, ಉಳಿದದ್ದನ್ನು ಅವನು ನಿಂತು, ಯೋಚಿಸಿ, ಬಿಡಿಸಿ ಹೇಳಿದ್ದ. ಮಾಡಬೇಡಿ ಮಾಡಬೇಡಿ ಎಂದು ಬ್ಯಾಚು ಬ್ಯಾಚಿಗೆ ಬಡಿದುಕೊಂಡದ್ದನ್ನೇ ಮಾಡಿದ್ದ. ನರ್ಸು ತಲೆ ಬಗ್ಗಿಸಿ ಬರೆದುಕೊಂಡಳು. ಹಳೇ ಹುಲಿ ಮಾತ್ರ ತನ್ನ ನೋಟ್ಸು ತಿರುವಿ, ತಲೆ ಕೆರೆದುಕೊಂಡು, ಹೋದ ಸಲ ಬೇರೆ ಹೇಳಿದ್ರಲ್ಲ ಸಾರ್, ಎಂದ.

"ಹೋದ ಸಲ ನೀವು ಸರಿಯಾಗಿ ಕೇಳಿಸ್ಕೊಂಡಿದ್ರೆ ಪಾಸಾಗಿರ್ತಿದ್ರಿ."

ಇದು ಮಾತ್ರ ಎಲ್ಲೂ ಸಿಕ್ಕಿಕೊಳ್ಳದೆ ಬಂತು. ಯಾರೋ ಕಿಸಕ್ಕೆಂದರು. ಅಷ್ಟು ದೊಡ್ಡ ಆಳು ಕಿವಿ ಕೆಂಪಗೆ ಮಾಡಿಕೊಂಡು ಕೂತು, ಹಾಳೆಯ ಮೇಲೆ ಪೆನ್ನು ಒತ್ತಿ, ಸರಿಯಾಗಿದ್ದ ಅರ್ಥವನ್ನು ಹೊಡೆದುಹಾಕಿ ತಪ್ಪನ್ನು ಬರೆದುಕೊಂಡ. ಪೆನ್ನಿನ ಆ ಕರಕರ ಸದ್ದು ಬೋರ್ಡಿನ ಹತ್ತಿರ ನಿಂತವನಿಗೂ ಕೇಳಿಸಿತು. ಅಕ್ಕ ಆ ಪೆನ್ನನ್ನೇ ನೋಡುತ್ತಿದ್ದಳು. ಉಳಿದ ಹೊತ್ತು ಅವನು ಏನು ಪಾಠ ಮಾಡಿದನೋ, ಬಾಯಿ ಆಡುತ್ತಿತ್ತು. ಎಲ್ಲಿ ಅಕ್ಕನ ವಾಕ್ಯ ಬರಬೇಕೋ ಅಲ್ಲೆಲ್ಲ ಒಬ್ಬ ಗುಮಾಸ್ತೆಯೋ ಒಬ್ಬ ಪೋಸ್ಟ್‌ಮ್ಯಾನೋ ಬಂದು ಹೋದರು. ಒಂದು ಕಡೆ ಅವನಿಗೆ ನೆಮ್ಮದಿಯೂ ಆಗಿತ್ತು, ಅದನ್ನೇಕೆ ಬಚ್ಚಿಡಬೇಕು. ಬಚಾವಾದೆ ಎನ್ನಿಸಿತ್ತು. ಗಂಟೆ ಬಾರಿಸಿದಾಗ ಅವನೇ ಎಲ್ಲರಿಗಿಂತ ಮೊದಲು ಹೊರಗೆ ಬಂದ.

ನಡೆಯೋದು ಮೊಣಕಾಲಿಗೆ ಒಳ್ಳೇದಂತೆ ಎಂದು ಅಕ್ಕ ಹೇಳಿದ್ದಕ್ಕೆ, ಬಸ್ಸು ಬಿಟ್ಟು ಮನೆಗೆ ನಡೆದೇ ಹೊರಟರು. ಬೀದಿಯ ಅಂಗಡಿಗಳು ಇನ್ನೂ ತೆರೆದಿದ್ದವು, ಜನ ಓಡಾಡುತ್ತಿದ್ದರು. ಅಕ್ಕ ನಡೆಯುವ ವೇಗಕ್ಕೆ ಅವನು ಕಾಲು ಚಿಕ್ಕದು ಮಾಡಿಕೊಳ್ಳಬೇಕಾಗಿತ್ತು. ಬೇರೆ ದಿನವಾದರೆ ಇದಕ್ಕೂ ರೇಗುತ್ತಿದ್ದ. ಹೇಗಿತ್ತು ಕ್ಲಾಸು ಎಂದು ಕೇಳಿದ. ಚೆನ್ನಾಗಿತ್ತು ಎಂದಳು. ಕನ್ನಡಕದ ಅಂಗಡಿಯ ಮುಂದೆ ನಿಂತು, ಗಾಜಿಗೆ ಕೈ ಆನಿಸಿ ಮೊಣಕಾಲಿಗೆ ಸ್ವಲ್ಪ ಬಿಡುವು ಕೊಟ್ಟಳು. ಒಳಗೆ ಖಾಲಿ ಫ್ರೇಮುಗಳು ಸಾಲಾಗಿ ಇಬ್ಬರನ್ನೂ ನೋಡುತ್ತಿದ್ದವು. ಅವನ ಕಡೆ ತಿರುಗದೆ ಗಾಜಿಗೇ ಹೇಳುವವಳಂತೆ ಮಾತಾಡಿದಳು. ನಾನು ಬೇಗ ಬಂದಿದ್ದೆ ಇವತ್ತು. ಆ ಲಿಫ್ಟಿನವರು ಪಾಪ, ಹೊಸಬಳು ಅಂತ, ಹೆದರ್ಕೋಬೇಡಿ ಅಮ್ಮಾ, ಈ ಮೇಷ್ಟ್ರಿಗೆ ಒಬ್ಬಳು ಅಕ್ಕ ಇದಾಳೆ, ನಿಮಗೆ ಬೇಜಾರೇ ಆಗಲ್ಲ ಅಂತ ಎಲ್ಲಾ ಹೇಳಿದ್ರು. ಒಂದೊಂದೂ ಹೇಳಿ, ಅರ್ಥವನ್ನೂ ಹೇಳಿದ್ರು.

ಅವನು ಗಾಜಿನಾಚೆಯ ಫ್ರೇಮುಗಳನ್ನು ಎಣಿಸತೊಡಗಿದ.

"ಸುಳ್ಳು ಹೇಳಲ್ಲ, ನನಗೂ ನಗು ಬಂತು ಕಣೋ. ಯಾರೋ ಹೆಂಗಸು, ಎಂಥಾ ಕಾಟ ಕೊಡ್ತಾಳಪ್ಪ ಅಂತ ನಕ್ಕೆ. ಪ್ಲಾಸ್ಟಿಕ್ ಚೀಲದ ಮಾತು ಬಂದಾಗ ಗೊತ್ತಾಯ್ತು, ನಾನೇ ಅಂತ." ಅವಳು ಗಾಜಿನ ಮೇಲಿಂದ ಕೈ ತೆಗೆದಳು, ಬೆರಳಿನ ಗುರುತು ಉಳಿಯಿತು. "ಅಷ್ಟು ಹೊತ್ತಿಗೆ ನಗು ಶುರುವಾಗಿಬಿಟ್ಟಿತ್ತು. ಮಧ್ಯದಲ್ಲಿ ನಿಲ್ಲಿಸಿದ್ರೆ ಅವರಿಗೆ ತಿಳಿದುಹೋಗ್ತಿತ್ತಲ್ಲ, ಅದಕ್ಕೆ ಹಾಗೇ ನಗ್ತಾ ಇದ್ದೆ."

ಮತ್ತೆ ಯಾಕೆ ಕೇಳಿದೆ, ಗೊತ್ತಿದ್ದೂ ಯಾಕೆ ಕೈ ಎತ್ತಿದೆ ಎಂದು ಅವನು ಹೇಗೋ ಕೇಳಿದ. ನೀನೇನು ಹೇಳ್ತೀಯ ನೋಡೋಣ ಅಂತ, ಎಂದಳು. ಅವನಿಗೆ ಅವಳು ಬೈಯಬೇಕಿತ್ತು. ಬೀದಿಯಲ್ಲಿ ನಿಲ್ಲಿಸಿ ಕಪಾಳಕ್ಕೆ ಹೊಡೆದಿದ್ದರೂ ಆಗುತ್ತಿತ್ತು. ಮನೆಯ ಮೆಟ್ಟಿಲ ಬುಡದಲ್ಲಿ ಅವಳು ಕಂಬಿ ಹಿಡಿದು ನಿಂತಾಗ, ಅವಳ ದನಿ ಮೊದಲ ಸಲ ಗಡುಸಾಯಿತು.

"ಆ ಲಿಫ್ಟಿನವರು ಸರಿಯಾಗೇ ಬರ್ಕೊಂಡಿದ್ರು. ಅದನ್ನ ಹೊಡೆದುಹಾಕಿಸಿಬಿಟ್ಟೆಯಲ್ಲೋ. ಆ ಹುಡುಗಿಗೆ ಶನಿವಾರ ಪರೀಕ್ಷೆ ಅಂತೆ. ನನ್ನ ಸಲುವಾಗಿ ಅವರಿಗೆ ತಪ್ಪು ಹೇಳಿಕೊಡಬೇಡ. ನಾಳೆ ಸರಿಯಾದ್ದು ಹೇಳು." ಎರಡು ಮೆಟ್ಟಿಲು ಹತ್ತಿ, ಉಸಿರು ತೆಗೆದುಕೊಂಡು, ತಿರುಗದೆಯೇ ಹೇಳಿದಳು. "ವಾಕ್ಯ ಅದೇ ಇರ್ಲಿ. ಎಲ್ಲರಿಗೂ ಬಾಯಿಪಾಠ ಆಗಿದೆ."

ಮಾರನೆಯ ಸಂಜೆ ಅಕ್ಕ ಬರುವುದಿಲ್ಲ ಎಂದುಕೊಂಡಿದ್ದ. ಬಂದಿದ್ದಳು, ಅದೇ ಎರಡನೆಯ ಸಾಲಿನಲ್ಲಿ. ನಿನ್ನೆ ನಾನು ತಪ್ಪು ಅರ್ಥ ಹೇಳಿದೆ ಎಂದು ಅವನು ಬೋರ್ಡಿಗೆ ಬೆನ್ನು ಹಾಕಿ ನಿಂತು ಶುರು ಮಾಡಿದ. ಬೇಕೆಂದೇ ಹೇಳಿದೆ. ಇವರು ಬರೆದುಕೊಂಡದ್ದೇ ಸರಿಯಾಗಿತ್ತು, ಇವರ ಮನಸ್ಸು ನೋಯಿಸಿದೆ, ಎಂದು ಹಳೇ ಹುಲಿಯ ಕಡೆ ತಿರುಗಿದ. ಲಿಫ್ಟಿನವನು ಎಲ್ಲಿ ನೋಡಬೇಕೋ ತಿಳಿಯದೆ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದ. ಪುಟ್ ಅಪ್ ವಿತ್ ಅಂದರೆ ಸಹಿಸಿಕೊಳ್ಳುವುದು. ಇಷ್ಟವಿಲ್ಲದ್ದನ್ನು. ನರ್ಸು ಹೊಡೆದುಹಾಕಿ ಬರೆದುಕೊಂಡಳು. ಇನ್ನು ಉಳಿದದ್ದು ವಾಕ್ಯ. ಕ್ಲಾಸು ಅಭ್ಯಾಸದಂತೆ ಎದ್ದು ನಿಂತಿತು. ಅಕ್ಕನೂ ಡೆಸ್ಕು ಹಿಡಿದು ಎದ್ದಳು. ಮೇಷ್ಟ್ರು ಶುರು ಮಾಡಬೇಕು, ಎಲ್ಲರೂ ಜೊತೆಗೂಡಬೇಕು, ಅದು ಪದ್ಧತಿ.

"ಐ," ಎಂದ. "ಐ, ಐ, ಐ." ದವಡೆ ಬಿಗಿದುಕೊಂಡಿತು, ಕತ್ತಿನ ನರ ಉಬ್ಬಿತು, ಕಣ್ಣು ತಾನಾಗಿ ಮುಚ್ಚಿಕೊಂಡಿತು. ಅವರು ಯಾರೂ ಅವನನ್ನು ಹೀಗೆ ನೋಡಿದವರಲ್ಲ. ಆಗ ಎರಡನೆಯ ಸಾಲಿನಿಂದ ಆ ದನಿ ಬಂತು, ಅವಸರವಿಲ್ಲದೆ, ಹಿತ್ತಲ ಬಾಗಿಲಿನಿಂದ ತೊಟ್ಟಿಯವರೆಗೆ ನಡೆಯುವಷ್ಟೇ ನಿಧಾನವಾಗಿ: ಐ ಹ್ಯಾವ್ ಟು ಪುಟ್ ಅಪ್ ವಿತ್ ಮೈ ಸಿಸ್ಟರ್. ಎರಡನೆಯ ಮಾತಿನ ಹೊತ್ತಿಗೆ ಅವನ ದನಿಯೂ ಅದರೊಳಗೆ ಸೇರಿಕೊಂಡು ಹೊರಗೆ ಬಂತು, ಎಲ್ಲೂ ಸಿಕ್ಕಿಕೊಳ್ಳದೆ. ಕ್ಲಾಸೂ ಸೇರಿತು. ಎರಡನೆಯ ಸಲ ಹೇಳುವಾಗ ಹಳೇ ಹುಲಿ ಒಮ್ಮೆ ಅವಳ ಮುಖ, ಒಮ್ಮೆ ಅವನ ಮುಖ ನೋಡಿ, ಬಾಯಿ ಮುಚ್ಚಿಕೊಂಡ. ಅವನನ್ನು ನೋಡಿ ನರ್ಸು. ಆಮೇಲೆ ಹಿಂದಿನ ಸಾಲಿನವರು, ಒಬ್ಬೊಬ್ಬರಾಗಿ. ಅವಳು ಮಾತ್ರ ಈ ಸಲ ದನಿ ತಗ್ಗಿಸಲಿಲ್ಲ. ಮೂರನೆಯ ಸಲಕ್ಕೆ ಕ್ಲಾಸಿನಲ್ಲಿ ಅವರಿಬ್ಬರ ದನಿ ಮಾತ್ರ ಉಳಿದಿತ್ತು.